ಯಡಕುಮೇರಿ ಅಣ್ಣ ಹೋಗಿಬಿಟ್ಟರು. ಮಹಡಿ ಮೇಲಿನ ಘಾಟಿಗೆ ಏನು ಮಾಡೋಣ?

ಬಿಎಂರೋಡ್_ಹುಡುಗ:
ಹಾಸನದವರಿಗೆ ಆಗಲೇ ಸುದ್ದಿ ಮುಟ್ಟಿದೆ. ದೂರದಲ್ಲಿರುವವರಿಗಾಗಿ ಬರೀತಿದ್ದೇನೆ. ನಮ್ಮ ಯಡಕುಮೇರಿ ಅಣ್ಣ ತೀರಿಕೊಂಡು ಇವತ್ತಿಗೆ ಹದಿನಾಲ್ಕು ದಿನ. ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಹನ್ನೊಂದರ ಕಾರ್ಯ ಮುಗಿಯುವ ತನಕ ನನಗೆ ಇಲ್ಲಿ ಬರೆಯೋಕೆ ಕೈ ಬರಲಿಲ್ಲ.

ಈಗ ಒಂದು ಸಮಸ್ಯೆ. ಅವರ ಮಹಡಿ ರೂಮು ನೋಡಿದವರಿಗೆ ಗೊತ್ತು. 14 ಅಡಿ ಉದ್ದ, 6 ಅಡಿ ಅಗಲದ ಮೇಜು, ಅದರ ತುಂಬಾ ಸಕಲೇಶಪುರ ಘಾಟಿಯ ಮಾದರಿ ರೈಲು ಲೇಔಟ್. 1:87 ಅಳತೆ, 12 ಮಿ.ಮೀ. ಹಳಿ, ಮೀಟರ್‌ಗೇಜ್. ನಾಲ್ಕು ಸುರಂಗ, ಆರು ಸೇತುವೆ, ಮಧ್ಯದಲ್ಲಿ ಯಡಕುಮೇರಿ ಸ್ಟೇಷನ್. ಅಮ್ಮನನ್ನು (ಅಣ್ಣನ ಹೆಂಡತಿ) ಮಗಳು ಬೆಂಗಳೂರಿಗೆ ಕರೆದುಕೊಂಡು ಹೋಗ್ತಿದ್ದಾರೆ, ಮನೆ ಬಾಡಿಗೆಗೆ ಕೊಡ್ತಾರೆ. ಯುಗಾದಿ ಒಳಗೆ ರೂಮು ಖಾಲಿ ಆಗಬೇಕು. "ಯಾರಿಗೆ ಬೇಕೋ ಕೊಡಪ್ಪ, ಗುಜರಿಗೆ ಮಾತ್ರ ಹಾಕಬೇಡ" ಅಂತ ಅಮ್ಮ ಬೀಗದ ಕೈ ನನಗೆ ಕೊಟ್ಟಿದ್ದಾರೆ. ಮೆಟ್ಟಿಲು ಎರಡೂವರೆ ಅಡಿ ಅಗಲ, ಅರ್ಧದಲ್ಲಿ ತಿರುವು ಬೇರೆ. ಮೇಜು ಇಡಿಯಾಗಿ ಇಳಿಯಲ್ಲ.

ಏನು ಮಾಡೋದು ಹೇಳಿ. ಅಣ್ಣನ ಬಗ್ಗೆ ನೆನಪಾಗಿದ್ದನ್ನೂ ಬರೀರಿ. ಎಲ್ಲಾ ಪ್ರಿಂಟ್ ತೆಗೆದು ಅಮ್ಮನಿಗೆ ಕೊಡ್ತೀನಿ. ಹಾಗಾಗಿ ಜಗಳ ಸ್ವಲ್ಪ ಕಮ್ಮಿ ಇರಲಿ.

ವೈಡಿಎಂ4_ಅಭಿಮಾನಿ:
ಅಯ್ಯೋ ದೇವರೇ. ಹೋದ ತಿಂಗಳು ತಾನೇ ಫೋನ್ ಮಾಡಿ "ನಿನ್ನ ಇಂಜಿನ್ ರೆಡಿ ಇದೆ, ಬಂದು ತಗೊಂಡು ಹೋಗೋ" ಅಂದಿದ್ದರು. ನಾನು ಮುಂದಿನ ವಾರ ಬರ್ತೀನಿ ಅಂದಿದ್ದೆ.

ಮೂಡಿಗೆರೆ_ಮಳೆ:
ನನಗೆ ಈ ಹುಚ್ಚು ಹಿಡಿಸಿದ್ದೇ ಅವರು. ಒಂದು ವಿಷಯ ಬರೀಲೇಬೇಕು.

ನನ್ನ ಮೊದಲ ಲೇಔಟ್‌ನಲ್ಲಿ ಮಣ್ಣಿನ ಬಣ್ಣಕ್ಕೆ ಕಾಫಿ ಚರಟ ಹಾಕಿದ್ದೆ. ಕಾಫಿ ತೋಟದವರ ಮನೆ, ಚರಟಕ್ಕೇನು ಬರ. ನೋಡೋಕೆ ಥೇಟ್ ನಮ್ಮ ತೋಟದ ಮಣ್ಣೇ. ಜೂನ್ ಬಂತು. ಒಂದು ವಾರ ಬಿಡದೆ ಹೊಡೀತು ಮಳೆ. ಹೋಗಿ ನೋಡಿದರೆ ಗುಡ್ಡದ ಮೇಲೆಲ್ಲಾ ಬಿಳಿ ಬೂಷ್ಟು, ಹಿಮ ಬಿದ್ದ ಹಾಗೆ. ಫೋಟೋ ತೆಗೆದು ಅಳುತ್ತಾ ಇಲ್ಲೇ ಹಾಕಿದ್ದೆ. ಎಲ್ಲರೂ ನಕ್ಕರು. ಅಣ್ಣ ಮಾತ್ರ ಫೋನ್ ನಂಬರ್ ಕೇಳಿ ಅರ್ಧ ಗಂಟೆ ಮಾತಾಡಿದರು. ಚರಟವನ್ನು ಮೂರು ದಿನ ಬಿಸಿಲಿಗೆ ಹಾಕಬೇಕು, ಆಮೇಲೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರೀಬೇಕು, ಕೈಯಲ್ಲಿ ಹಿಡಿದರೆ ಮರಳಿನ ಹಾಗೆ ಜಾರಬೇಕು. ಆಮೇಲೆ ಫೆವಿಕಾಲ್‌ಗೆ ನೀರು ಬೆರೆಸಿ, ಪಾತ್ರೆ ತೊಳೆಯೋ ಸೋಪಿನ ಒಂದು ಹನಿ ಹಾಕಿ, ಡ್ರಾಪರ್‌ನಲ್ಲಿ ಬಿಡಬೇಕು. ಸೋಪು ಹಾಕದಿದ್ದರೆ ನೀರು ಗುಂಡಗೆ ಮೇಲೇ ನಿಲ್ಲುತ್ತೆ, ಒಳಗೆ ಇಳಿಯಲ್ಲ. ಹಳಿ ಪಕ್ಕ ಜಲ್ಲಿ ಕೂರಿಸೋಕೂ ಇದೇ ಉಪಾಯ. "ಮೇಡಂ, ನೀವು ಡಿಕಾಕ್ಷನ್ ಇಳಿಸ್ತೀರಲ್ಲ, ಅದೇ ತಾಳ್ಮೆ ಸಾಕು" ಅಂದಿದ್ದರು.

ಆ ಗುಡ್ಡ ಈಗಲೂ ಇದೆ. ಮಳೆಗಾಲದಲ್ಲಿ ರೂಮಿಗೆ ಹೋದರೆ ಸಣ್ಣಗೆ ಕಾಫಿ ವಾಸನೆ ಬರುತ್ತೆ.

ಹೊಸಬ_ಆಲೂರು:
ನಾನು ಈ ಗುಂಪಿಗೆ ಹೊಸಬ. ಅವರು ರೈಲ್ವೆಯಲ್ಲಿ ಇದ್ದರಾ?

ವೈಡಿಎಂ4_ಅಭಿಮಾನಿ:
ಇಲ್ಲಪ್ಪ. ಎಲ್ಲರೂ ಹಾಗೇ ಅಂದುಕೊಳ್ಳೋರು. ಹಾಸನದಲ್ಲಿ ವಾಚ್ ರಿಪೇರಿ ಅಂಗಡಿ. ಒಂದಾಳು ಕೂರುವಷ್ಟು ಜಾಗ, ಮುಂದೆ ಗಾಜಿನ ಪೆಟ್ಟಿಗೆ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ವಾಚ್ ಕಟ್ಟೋರು ಕಮ್ಮಿ ಆದರು. ಅಂಗಡಿ ಮುಚ್ಚಿ ರಿಪೇರಿ ಮೇಜನ್ನೇ ಮಹಡಿಗೆ ಹತ್ತಿಸಿದರು. ಅಲ್ಲಿಂದ ನಮ್ಮ ಇಂಜಿನ್‌ಗಳ ಆಸ್ಪತ್ರೆ ಶುರು.

ಹೊಸಬ_ಆಲೂರು:
ಮತ್ತೆ ಯಡಕುಮೇರಿ ಹೆಸರು ಯಾಕೆ? ಅವರ ಊರಾ?

ಬಿಎಂರೋಡ್_ಹುಡುಗ:
ಅದು ಯಾರ ಊರೂ ಅಲ್ಲ, ಸುತ್ತ ಕಾಡು ಬಿಟ್ಟರೆ ಏನಿಲ್ಲ. ಸಕಲೇಶಪುರ ಬಿಟ್ಟರೆ ದೋಣಿಗಲ್, ಕಡಗರವಳ್ಳಿ, ಯಡಕುಮೇರಿ, ಶಿರಿಬಾಗಿಲು, ಆಮೇಲೆ ಸುಬ್ರಹ್ಮಣ್ಯ ರೋಡ್. ಅಣ್ಣ ಹುಡುಗರಾಗಿದ್ದಾಗ ಈ ದಾರೀಲಿ ಮಂಗಳೂರಿಗೆ ಹೋಗುವಾಗ ಗಾಡಿ ಅಲ್ಲಿ ತುಂಬಾ ಹೊತ್ತು ನಿಂತಿತ್ತಂತೆ. ಇಳಿಯೋರಿಲ್ಲ, ಹತ್ತೋರಿಲ್ಲ. ಸ್ಟೇಷನ್ ಮಾಸ್ಟರ್ ಒಬ್ಬರೇ ದೀಪ ಹಿಡಿದು ನಿಂತಿದ್ದರಂತೆ. "ಆ ಮನುಷ್ಯ ಊಟ ಎಲ್ಲಿ ಮಾಡ್ತಾನೆ ಅಂತ ನನಗೆ ಐವತ್ತು ವರ್ಷದಿಂದ ಯೋಚನೆ" ಅಂತ ಹೇಳೋರು.

ಕಡೂರು_ಜಂಕ್ಷನ್:
ಐವತ್ತು ವರ್ಷ ಆಗಲ್ಲ ಕಣ್ರೀ. ಹಾಸನ–ಮಂಗಳೂರು ಲೈನ್ ಪೂರ್ತಿ ಶುರುವಾಗಿದ್ದೇ 1979ರಲ್ಲಿ.

ಬಿಎಂರೋಡ್_ಹುಡುಗ:
ಸರಿ ಸ್ವಾಮಿ. ಅಣ್ಣ ಲೆಕ್ಕ ಸ್ವಲ್ಪ ಜಾಸ್ತಿ ಹೇಳೋರು. ಹಾಗಾದರೆ ಹುಡುಗರೂ ಆಗಿರಲಿಲ್ಲ, ಮದುವೆ ಆಗಿತ್ತು.

ಅರಸೀಕೆರೆ_ಟೋಕನ್:
ನಾನು ರೈಲ್ವೆಯಲ್ಲಿದ್ದು ರಿಟೈರ್ ಆದವನು. ಇಲ್ಲಿ ಬರೆಯೋದು ಕಮ್ಮಿ. ಇವತ್ತು ಬರೀತೀನಿ.

ಮೊದಲ ಸಲ ಅವರ ಮನೆಗೆ ಹೋದಾಗ ಸಿಗ್ನಲ್ ತೋರಿಸಿದರು. ಲಿವರ್ ಎಳೆದರೆ ಸಿಗ್ನಲ್ ಕಂಬದ ಕೈ ಮೇಲಕ್ಕೆ ಏಳುತ್ತಿತ್ತು. "ಸ್ವಾಮಿ, ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಡೆ ಇದ್ದ ಕೈ ಕೆಳಕ್ಕೆ ಬೀಳೋದು. ಅಡ್ಡ ಇದ್ದರೆ ನಿಲ್ಲು, 45 ಡಿಗ್ರಿ ಇಳಿದರೆ ಹೋಗು" ಅಂದೆ. ಅವರು ಮಾತಾಡಲಿಲ್ಲ. ಮುಖ ಸಣ್ಣದಾಯ್ತು. ಛೆ, ಹೇಳಬಾರದಿತ್ತು ಅನ್ನಿಸ್ತು. ಹತ್ತನೇ ದಿನಕ್ಕೆ ಫೋನ್: "ಬಂದು ನೋಡಿ." ಎಂಟು ಸಿಗ್ನಲ್ಲೂ ಬಿಚ್ಚಿ ಉಲ್ಟಾ ಮಾಡಿದ್ದರು.

ಇನ್ನೊಂದು. ಆ ಸ್ಟೇಷನ್‌ನಲ್ಲಿ ನಿಂತಿರುವ ಮಾಸ್ಟರ್ ಗೊಂಬೆ ನೋಡಿದ್ದೀರಾ? ಎರಡು ಸೆಂಟಿಮೀಟರ್ ಎತ್ತರ. ಕೈಯಲ್ಲಿ ಟೋಕನ್ ಬಳೆ ಇದೆ. ನಮ್ಮ ಕಾಲದಲ್ಲಿ ಮಿಷಿನ್‌ನಿಂದ ಉಕ್ಕಿನ ಗುಂಡು ಬರೋದು, ಅದನ್ನು ಚರ್ಮದ ಚೀಲಕ್ಕೆ ಹಾಕಿ ಬಳೆಗೆ ಕಟ್ಟಿ ಡ್ರೈವರ್‌ಗೆ ಕೊಡಬೇಕಿತ್ತು. ಒಂಟಿ ಹಳಿ, ಆ ಗುಂಡು ಇಲ್ಲದೆ ಗಾಡಿ ಮುಂದಕ್ಕೆ ಹೋಗೋ ಹಾಗಿಲ್ಲ. ಆ ಬಳೆಯನ್ನು ಅವರು ಮಾಡಿದ್ದು ಲೇಡೀಸ್ ವಾಚಿನ ಹೇರ್‌ಸ್ಪ್ರಿಂಗಿನ ಒಂದೇ ಒಂದು ಸುತ್ತಿನಿಂದ. ಬರಿಗಣ್ಣಿಗೆ ಕಾಣಲ್ಲ. ಭೂತಗನ್ನಡಿ ಕೊಟ್ಟು ತೋರಿಸಿದರು. ಚೀಲವೂ ಇತ್ತು.

ಮೂಡಿಗೆರೆ_ಮಳೆ:
ನಾನು ಇಷ್ಟು ಸಲ ಹೋಗಿ ಬಂದರೂ ಅದನ್ನು ನೋಡೇ ಇಲ್ಲ!

ವೈಡಿಎಂ4_ಅಭಿಮಾನಿ:
ಟೋಕನ್ ಸಾರ್, ಕ್ಯಾಚ್ ಸೈಡಿಂಗ್ ಬಗ್ಗೆಯೂ ಬರೀರಿ. ನನಗೆ ಅದರ ಮೇಲೆ ಹಳೇ ಸಿಟ್ಟು ಇದೆ.

ಅರಸೀಕೆರೆ_ಟೋಕನ್:
ಹಹ್ಹ. ಘಾಟಿ ಇಳಿಯುವ ಗಾಡಿ ಬ್ರೇಕ್ ತಪ್ಪಿದರೆ ಅದನ್ನು ತಿರುಗಿಸಿ ಏರು ಕಡೆಗೆ ಹತ್ತಿಸಿ ನಿಲ್ಲಿಸೋಕೆ ಇರುವ ಹಳಿ ಅದು. ಅಣ್ಣನ ಲೇಔಟ್‌ನಲ್ಲಿ ಇಳಿಯುವ ಗಾಡಿ ಸ್ಟೇಷನ್ ಮುಂದೆ ಒಂದು ನಿಮಿಷ ನಿಲ್ಲಲೇಬೇಕು. ನಿಲ್ಲಿಸದಿದ್ದರೆ ಸೀದಾ ಸೈಡಿಂಗ್‌ಗೆ ಹೋಗಿ ಮರಳಲ್ಲಿ ಹೂತುಕೊಳ್ಳುತ್ತೆ. ಆ ಒಂದು ನಿಮಿಷವನ್ನು ಅವರು ಜೇಬಿನ ಗಡಿಯಾರ ತೆಗೆದು ನೋಡೋರು. 55 ಸೆಕೆಂಡಿಗೆ ಬಿಟ್ಟರೂ ಒಪ್ಪುತ್ತಿರಲಿಲ್ಲ.

ವೈಡಿಎಂ4_ಅಭಿಮಾನಿ:
ನನ್ನ ಹೊಸ ಇಂಜಿನ್ ಮೂರು ಸಲ ಮರಳಿಗೆ ಹೋಯ್ತು. ಗೇರ್ ಒಳಗೆಲ್ಲಾ ಮರಳು. ಅವರೇ ಬಿಚ್ಚಿ ಕ್ಲೀನ್ ಮಾಡಿದರು, ಬೈತಾ ಬೈತಾ.

ಕಡೂರು_ಜಂಕ್ಷನ್:
ಗುಡ್ಡ ಹತ್ತಿಸೋಕೆ ಅವರು ಪಟ್ಟ ಪಾಡು ಬರೀಬೇಕು. ನಿಜವಾದ ಘಾಟಿ 50ಕ್ಕೆ 1 ಏರು. ಅಂದರೆ ಮೀಟರ್‌ಗೆ 2 ಸೆಂಟಿಮೀಟರ್. ಕೇಳೋಕೆ ಏನೂ ಅನ್ನಿಸಲ್ಲ. ಆದರೆ ಆಟದ ಇಂಜಿನ್‌ಗೆ ತೂಕ ಇಲ್ಲ, ಆರು ಬೋಗಿ ಕಟ್ಟಿದರೆ ತಿರುವಿನಲ್ಲಿ ಚಕ್ರ ಸುಮ್ನೆ ಅಲ್ಲೇ ಜಾರುತ್ತೆ. ಬೋಗಿ ಕಮ್ಮಿ ಮಾಡಿ ಅಂದೆ. ಒಪ್ಪಲಿಲ್ಲ. ಸಕಲೇಶಪುರ ಘಾಟಿಯಲ್ಲಿ ಹೇಗೆ ಹಿಂದೆ ಇನ್ನೊಂದು ಇಂಜಿನ್ ಕಟ್ಟಿ ತಳ್ಳುತ್ತಾರೋ ಹಾಗೇ ಮಾಡ್ತೀನಿ ಅಂದರು. ಮೊದಲ ದಿನ ಹಿಂದಿನ ಇಂಜಿನ್ ಜೋರು, ಮುಂದಿನದು ನಿಧಾನ, ಮಧ್ಯದ ಬೋಗಿಗಳೆಲ್ಲ ತಿರುವಿನಲ್ಲಿ ಹೊರಗೆ ಜಿಗಿದವು. ಆಮೇಲೆ ಒಂದು ವಾರ ಎರಡೂ ಇಂಜಿನ್ ಒಂದೊಂದು ಮೀಟರ್ ಓಡಿಸಿ ಸ್ಟಾಪ್‌ವಾಚ್ ಹಿಡಿದು ಕೂತರು. ಎರಡೂ ಒಂದೇ ಸೆಕೆಂಡಿಗೆ ಬರುವ ತನಕ ಬಿಡಲಿಲ್ಲ. ಒಂದಕ್ಕೆ ಸೀಸ ತುಂಬಿದರು, ಇನ್ನೊಂದರ ಮೋಟಾರಿನ ಬ್ರಷ್ ಬದಲಾಯಿಸಿದರು. ವಾಚ್ ರಿಪೇರಿಯವರಿಗೆ ಎರಡು ಗಡಿಯಾರ ಬೇರೆ ಬೇರೆ ಟೈಮ್ ತೋರಿಸಿದರೆ ನಿದ್ದೆ ಬರಲ್ವೇನೋ.

ಹೊಸಬ_ಆಲೂರು:
ಘಾಟಿಯಲ್ಲಿ 57 ಸುರಂಗ ಇವೆಯಲ್ಲ. ಇವರು ನಾಲ್ಕೇ ಯಾಕೆ ಮಾಡಿದರು?

ವೈಡಿಎಂ4_ಅಭಿಮಾನಿ:
ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ 55 ಕಿ.ಮೀ. 87ರಿಂದ ಭಾಗಿಸಿ. 632 ಮೀಟರ್ ಬರುತ್ತೆ. ಅಷ್ಟು ಉದ್ದದ ಮೇಜು ಇಡೋಕೆ ಹಾಸನಾಂಬ ಗುಡಿಯ ಕ್ಯೂ ಜಾಗ ಬೇಕು.

ಸಕಲೇಶಪುರದ_ಸೊಸೆ:
😂 ಅದೂ ವರ್ಷಕ್ಕೊಂದು ಸಲ ಮಾತ್ರ ಬಾಗಿಲು ತೆಗೆಯೋದು.

ಕಡೂರು_ಜಂಕ್ಷನ್:
ಅಣ್ಣನ ಹಳಿ ಅಂಗಡಿಯದ್ದಲ್ಲ ಅನ್ನೋದು ಎಷ್ಟು ಜನಕ್ಕೆ ಗೊತ್ತು? 12 ಮಿ.ಮೀ. ಹಳಿ ಹೊರದೇಶದಿಂದ ತರಿಸಬೇಕು, ದುಬಾರಿ. ಅವರು ಬರೀ ಕಂಬಿ ತರಿಸಿ ಸ್ಲೀಪರ್ (ಕಂಬಿ ಕೆಳಗಿನ ಅಡ್ಡಪಟ್ಟಿ) ತಾವೇ ಮಾಡಿಕೊಂಡರು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ತಾಮ್ರದ ಪದರ ಇರುವ ಬೋರ್ಡ್ ಕತ್ತರಿಸಿ, ಅದರ ಮೇಲೆ ಕಂಬಿ ಬೆಸುಗೆ. ಪ್ರತಿ ಸ್ಲೀಪರ್ ಮಧ್ಯೆ ಅರದಲ್ಲಿ ತಾಮ್ರ ಕೆರೆದು ಗೆರೆ ಹಾಕಬೇಕು, ಇಲ್ಲಾಂದರೆ ಎರಡು ಕಂಬಿಗೂ ಕರೆಂಟ್ ಸೇರಿ ಶಾರ್ಟ್. ನೂರಾರು ಸ್ಲೀಪರ್‌ನಲ್ಲಿ ಒಂದರಲ್ಲಿ ಕೂದಲೆಳೆ ತಾಮ್ರ ಉಳಿದರೂ ಇಡೀ ಲೈನ್ ಸತ್ತುಹೋಗುತ್ತೆ. ಒಂದು ಸಲ ಹಾಗೆ ಆಗಿ ಎರಡು ದಿನ ಹುಡುಕಿದ್ದೀವಿ. ಕೊನೆಗೆ ಸಿಕ್ಕಿದ್ದು ಸುರಂಗದ ಒಳಗಿನದ್ದು. ಅದನ್ನು ಕೆರೆದಿದ್ದು ನಾನು. ಅವರು ಹೇಳಿದ್ದು ಒಂದೇ ಮಾತು, "ಕತ್ತಲಲ್ಲಿ ಯಾರು ನೋಡ್ತಾರೆ ಅಂದುಕೊಂಡೆ ಅಲ್ವಾ?"

ವೈಡಿಎಂ4_ಅಭಿಮಾನಿ:
ಹಳಿ ವಿಷಯ ಬಂತು ಅಂದಮೇಲೆ ಆ ಅರ್ಧ ಮಿಲಿಮೀಟರ್ ಜಗಳ ಬಿಡೋಕಾಗುತ್ತಾ.

ಸಕಲೇಶಪುರದ_ಸೊಸೆ:
ಬೇಡ ಬಿಡಿ. ಅಮ್ಮ ಓದ್ತಾರೆ.

ವೈಡಿಎಂ4_ಅಭಿಮಾನಿ:
ಅಮ್ಮನಿಗೆ ಗೊತ್ತಿರೋದೇ. ಹೊಸಬರಿಗಾಗಿ ಹೇಳ್ತೀನಿ. ನಮ್ಮಲ್ಲಿ ಒಬ್ಬರು ಎನ್ ಸ್ಕೇಲ್‌ನವರು, ಅಂದರೆ ಇನ್ನೂ ಚಿಕ್ಕ ಅಳತೆಯ ಮಾದರಿ, 1:160, 9 ಮಿ.ಮೀ. ಹಳಿ. ಅವರು ಎಲ್ಲರ ಮುಂದೆ ಅಣ್ಣನಿಗೆ "ಮೀಟರ್‌ಗೇಜ್ ಅಂದರೆ 1000 ಮಿ.ಮೀ., ಅದನ್ನು 87ರಿಂದ ಭಾಗಿಸಿದರೆ 11.49. ನಿಮ್ಮದು 12. ಅರ್ಧ ಮಿಲಿಮೀಟರ್ ತಪ್ಪು" ಅಂದರು. ಅಣ್ಣ ಕನ್ನಡಕ ತೆಗೆದು ಒರೆಸಿ, "ನಮ್ಮ ಬ್ರಾಡ್‌ಗೇಜ್ 1676. ಅದನ್ನು 160ರಿಂದ ಭಾಗಿಸಿ. ಹತ್ತೂವರೆ ಹತ್ತಿರ ಬರುತ್ತೆ. ನಿಮ್ಮದು 9. ಒಂದೂವರೆ ಮಿಲಿಮೀಟರ್ ತಪ್ಪು ಇಟ್ಟುಕೊಂಡು ನನ್ನ ಅರ್ಧ ಎಣಿಸೋಕೆ ಬಂದ್ರಾ?" ಎಲ್ಲರೂ ನಕ್ಕುಬಿಟ್ಟೆವು. ಅವರು ಎದ್ದು ಹೋದರು. ಮತ್ತೆ ಅಣ್ಣನ ಮನೆ ಮೆಟ್ಟಿಲು ಹತ್ತಲಿಲ್ಲ.

ಕಡೂರು_ಜಂಕ್ಷನ್:
ನಾವು ನಗಬಾರದಿತ್ತು.

ಸಕಲೇಶಪುರದ_ಸೊಸೆ:
ಈಗ ಕೆಲಸದ ಮಾತಿಗೆ ಬನ್ನಿ. ಲೇಔಟ್ ಎಲ್ಲಿಗೆ? ಮೈಸೂರು ರೈಲು ಮ್ಯೂಸಿಯಂಗೆ ಕೇಳಿದರೆ? ಪುಣೆಯಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಅಂತ ಇದೆ, 1998ರಿಂದ ನಡೀತಿದೆ. ಅಲ್ಲಿ ಇಡೀ ಊರೇ ಓಡುತ್ತೆ.

ಅರಸೀಕೆರೆ_ಟೋಕನ್:
ಮ್ಯೂಸಿಯಂನಲ್ಲಿ ಇಡೋಕೆ ಗಾಜಿನ ಪೆಟ್ಟಿಗೆ ಸಿಗಬಹುದು. ಓಡಿಸೋರು ಯಾರು? ಎರಡು ತಿಂಗಳು ಓಡಿಸದಿದ್ದರೆ ಹಳಿ ಕಪ್ಪಾಗುತ್ತೆ, ಆಮೇಲೆ ಕರೆಂಟ್ ಹಿಡಿಯಲ್ಲ.

ವೈಡಿಎಂ4_ಅಭಿಮಾನಿ:
ಎಲ್ಲರೂ ಒಂದೊಂದು ತುಂಡು ನೆನಪಿಗೆ ಇಟ್ಟುಕೊಳ್ಳೋಣ. ನನಗೆ ಆ ಮರಳಿನ ಸೈಡಿಂಗ್ ಕೊಡಿ.

ಮೂಡಿಗೆರೆ_ಮಳೆ:
ಪ್ರಸಾದದ ಹಾಗೆ ಹಂಚೋದಾ? ಚೂರು ಚೂರು ಮಾಡಿದರೆ ಅದು ಘಾಟಿ ಅಲ್ಲ. ನಮ್ಮ ಕಾಫಿ ಗೋಡೌನ್ ಖಾಲಿ ಇದೆ. ಇಡಿಯಾಗಿ ಅಲ್ಲಿ ಇಡ್ತೀನಿ.

ಕಡೂರು_ಜಂಕ್ಷನ್:
ಮೇಡಂ, ಬೇಜಾರಾಗಬೇಡಿ. ಮೂಡಿಗೆರೆಯ ಮಳೆಗೆ ಪ್ಲೈವುಡ್ ಉಬ್ಬುತ್ತೆ, ಪ್ಲಾಸ್ಟರ್ ಬಿರುಕು ಬಿಡುತ್ತೆ. ನಿಮ್ಮ ಚರಟದ ಕಥೆ ನೀವೇ ಈಗ ತಾನೇ ಬರೆದಿರಿ.

ಮೂಡಿಗೆರೆ_ಮಳೆ:
ಅದೂ ನಿಜ ಅನ್ನಿ. 😔

ಕಡೂರು_ಜಂಕ್ಷನ್:
ನಮ್ಮದು ಬಯಲುಸೀಮೆ. ಮಳೆಗೆ ಕಾಯೋ ಊರು. ತೆಂಗಿನಕಾಯಿ ಹಾಕುವ ರೂಮು ಒಂದಿದೆ, 18 ಅಡಿ ಉದ್ದ, ಒಣಗಿರುತ್ತೆ, ಬಾಗಿಲು ದೊಡ್ಡದು. ತಿಂಗಳಿಗೊಂದು ಭಾನುವಾರ ತೆಗೀತೀನಿ, ಯಾರು ಬೇಕಾದರೂ ಬಂದು ಓಡಿಸಿ. ಊಟ ನಮ್ಮನೇಲೇ.

ಸಕಲೇಶಪುರದ_ಸೊಸೆ:
ಘಾಟಿ ಬಯಲುಸೀಮೆಗೆ ಹೊರಟಿತು! ಅಣ್ಣ ಇದ್ದಿದ್ದರೆ ಏನಂತಿದ್ದರೋ.

ಬಿಎಂರೋಡ್_ಹುಡುಗ:
"ಅಲ್ಲಿ ಆನೆ ಕಾಟ ಇಲ್ಲ, ಒಳ್ಳೇದಾಯ್ತು" ಅಂತಿದ್ದರು.

ಹೊಸಬ_ಆಲೂರು:
ಕಡೂರು ಜಂಕ್ಷನ್ನಾ? ಜಂಕ್ಷನ್ ಬೀರೂರು ಅಲ್ವಾ?

ಕಡೂರು_ಜಂಕ್ಷನ್:
ಚಿಕ್ಕಮಗಳೂರು ಲೈನ್ 2013ರಲ್ಲಿ ಶುರುವಾಯ್ತಲ್ಲ, ಅದು ಕವಲೊಡೆಯೋದೇ ಕಡೂರಿನಲ್ಲಿ. ಬೀರೂರಿನವರಿಗೆ ಶಿವಮೊಗ್ಗ, ನಮಗೆ ಚಿಕ್ಕಮಗಳೂರು. ಈ ವಿಷಯಕ್ಕೆ ಬಂದರೆ ನಾನು ಬಿಡಲ್ಲ.

ವೈಡಿಎಂ4_ಅಭಿಮಾನಿ:
ಹಾಗಾದರೆ ಬೇಲೂರಿಗೆ ರೈಲು ಯಾವಾಗ?

ಬಿಎಂರೋಡ್_ಹುಡುಗ:
ಅದಕ್ಕೆ ಬೇರೆ ಚರ್ಚೆ ತೆಗೀರಿ, ದಯವಿಟ್ಟು. ಅಮ್ಮನಿಗೆ ಪ್ರಿಂಟ್ ಕೊಡ್ಬೇಕು ನಾನು.

ಮೇಜು ಕೊಯ್ಯೋದು ಹೇಗೆ ಅಂತ ಗೊತ್ತಿದ್ದವರು ಹೇಳಿ. ನನಗೆ ಕೈ ನಡುಗುತ್ತೆ.

ಅರಸೀಕೆರೆ_ಟೋಕನ್:
ಮೂರು ತುಂಡು ಸಾಕು. ಸ್ಟೇಷನ್ ಇರುವ ಭಾಗ ಮುಟ್ಟಬೇಡಿ. ಸುರಂಗಗಳ ನಡುವೆ ಹಳಿ ನೇರ ಇರುವ ಕಡೆ ಗೆರೆ ಹಾಕಿ. ಗೆರೆಯ ಎರಡೂ ಪಕ್ಕ, ಪ್ರತಿ ಕಂಬಿಯ ಕೆಳಗೆ ಒಂದೊಂದು ಹಿತ್ತಾಳೆ ಸ್ಕ್ರೂ ಇಳಿಸಿ, ಕಂಬಿಯನ್ನು ಅದಕ್ಕೆ ಬೆಸುಗೆ ಹಾಕಿ. ಅದಾದ ಮೇಲೇ ಕೊಯ್ಯಬೇಕು. ಇಲ್ಲಾಂದರೆ ಕೊಯ್ದ ತುದಿ ಅಲುಗಾಡಿ, ಮತ್ತೆ ಜೋಡಿಸುವಾಗ ಕೂಡೋದೇ ಇಲ್ಲ. ಕೆಳಗಿನ ವೈರು ಕತ್ತರಿಸುವ ಮುಂಚೆ ಎರಡೂ ಕಡೆಗೆ ಒಂದೇ ನಂಬರಿನ ಚೀಟಿ ಅಂಟಿಸಿ. ಥರ್ಮಾಕೋಲ್ ಗುಡ್ಡದ ಹತ್ತಿರ ಥಿನ್ನರ್, ಸ್ಪ್ರೇ ಪೇಂಟ್ ತರಬೇಡಿ, ಕರಗಿಹೋಗುತ್ತೆ.

ಬಿಎಂರೋಡ್_ಹುಡುಗ:
ಸರಿ ಸಾರ್. ಮುಂದಿನ ಭಾನುವಾರ ಎಲ್ಲರೂ ಬನ್ನಿ.

ಇವತ್ತು ಕಪಾಟು ಖಾಲಿ ಮಾಡುವಾಗ ಅವರ ರಿಪೇರಿ ಪುಸ್ತಕ ಸಿಕ್ತು. ಅಂಗಡಿ ಕಾಲದ ಉದ್ದನೆ ಲೆಕ್ಕದ ಪುಸ್ತಕ. ಮೊದಲ ಅರ್ಧ ವಾಚುಗಳು, ಆಮೇಲೆಲ್ಲಾ ನಮ್ಮ ಇಂಜಿನ್‌ಗಳು. ಕೆಲವು ಹಾಗೇ ಬರೀತೀನಿ:

"ವೈಡಿಎಂ4 ಹುಡುಗ. ಓಡಲ್ಲ ಅಂತ ತಂದ. ಇಂಜಿನ್‌ಗೆ ದೀಪಾವಳಿ ಎಣ್ಣೆಸ್ನಾನ ಮಾಡಿಸಿದ್ದಾನೆ. ಒರೆಸಿ ಒಣಗಿಸಿದೆ. ಬೈದಿದ್ದೇ ಕೂಲಿ."

"ಮೂಡಿಗೆರೆ ಮೇಡಂ. ಹಿಂದಿನ ಅಚ್ಚಿಗೆ ಕೂದಲು ಸುತ್ತಿತ್ತು. ಬೆಕ್ಕಿನದು, ಬಿಳಿ. ಕಾಫಿ ಪುಡಿ ಕಾಲು ಕೆಜಿ ಕೊಟ್ಟರು. ಬೇಡ ಅಂದೆ, ಇಟ್ಟುಕೊಂಡೆ."

"ಕಡೂರು. ಏನೂ ಕೆಟ್ಟಿಲ್ಲ. ಮಾತಾಡೋಕೆ ಬಂದಿದ್ದ."

ವೈಡಿಎಂ4_ಅಭಿಮಾನಿ:
ಎಣ್ಣೆಸ್ನಾನ! ಸೂಜಿ ತುದಿಯಲ್ಲಿ ಎಷ್ಟು ನಿಲ್ಲುತ್ತೋ ಅಷ್ಟೇ ಎಣ್ಣೆ ಅಂತ ಎಷ್ಟು ಸಲ ಹೇಳಿದ್ದರು.

ಕಡೂರು_ಜಂಕ್ಷನ್:
ನನ್ನದು ನಿಜ. ಆ ವರ್ಷ ಮನೇಲಿ ಸ್ವಲ್ಪ ಕಷ್ಟ ಇತ್ತು. ನಾನೇನೂ ಹೇಳಿರಲಿಲ್ಲ ಅವರಿಗೆ.

ಬಿಎಂರೋಡ್_ಹುಡುಗ:
ಇನ್ನೊಂದು ಬರಹ ಇದೆ. ಇಲ್ಲಿ ಹಾಕೋದಾ ಬೇಡವಾ ಅಂತ ಬೆಳಿಗ್ಗೆಯಿಂದ ಯೋಚನೆ ಮಾಡಿದೆ. ಅಮ್ಮನನ್ನು ಕೇಳಿದೆ, ಹಾಕು ಅಂದರು.

"ಎನ್ ಸ್ಕೇಲ್‌ನವರು. ಗೇರಿನ ಬುಡ ಸೀಳಿ ಅಚ್ಚಿನ ಮೇಲೆ ಜಾರುತ್ತಿತ್ತು. ಹೊಸದು ಸಿಗಲಿಲ್ಲ. ಟೈಂಪೀಸಿನ ಹಿತ್ತಾಳೆ ಕೊರೆದು ಸಣ್ಣ ಬಳೆ ಮಾಡಿ ಬಿಗಿಯಾಗಿ ಕೂರಿಸಿದೆ. ಒಂದೂವರೆ ಮಿಲಿಮೀಟರ್ ತಪ್ಪಿದ್ದರೂ ಬಹಳ ಚೆನ್ನಾಗಿ ಓಡುತ್ತೆ. ಅವರಿಗೆ ಹೇಳಬಾರದು."

ಅದರ ಕೆಳಗೆ ಬೇರೆ ಬೇರೆ ಇಂಕಿನಲ್ಲಿ ಆರು ಸಲ "ಓಡಿಸಿ ಇಟ್ಟೆ" ಅಂತಿದೆ. ವರ್ಷಕ್ಕೊಂದು ಸಲ. ಇಂಜಿನ್ ಬಾಕ್ಸ್ ಕಪಾಟಿನಲ್ಲೇ ಇದೆ, ಚೀಟಿ ಸಮೇತ.

ಸಕಲೇಶಪುರದ_ಸೊಸೆ:
ಅಯ್ಯೋ ಅಣ್ಣ.

ಅರಸೀಕೆರೆ_ಟೋಕನ್:
ಎಂಥಾ ಮನುಷ್ಯ.

ಎನ್_ಸ್ಕೇಲ್_ಪಕ್ಷ:
ಮೊದಲಿನಿಂದ ಓದ್ತಾ ಇದ್ದೆ. ಏನು ಬರೀಬೇಕು ಗೊತ್ತಾಗಲಿಲ್ಲ.

ಜಗಳಕ್ಕೆ ಎರಡು ದಿನ ಮುಂಚೆ ಆ ಇಂಜಿನ್ ಕೊಟ್ಟಿದ್ದೆ. ಆಮೇಲೆ ಹೋಗಿ ಕೇಳೋಕೆ ಮುಖ ಇರಲಿಲ್ಲ. ಬಿಸಾಕಿರಬೇಕು ಅಂದುಕೊಂಡು ಹೊಸದು ತಗೊಂಡೆ. ಹಾಸನಕ್ಕೆ ತಿಂಗಳಿಗೆ ಎರಡು ಸಲ ಬರ್ತೀನಿ, ಅವರ ರಸ್ತೆ ಮುಂದೇನೇ ಹೋಗ್ತೀನಿ.

ಆ ಬಾಕ್ಸ್ ಯಾರಿಗೂ ಕೊಡಬೇಡಿ. ಭಾನುವಾರ ಬರ್ತೀನಿ. ಗರಗಸ ತರಲಾ?

ಬಿಎಂರೋಡ್_ಹುಡುಗ:
ತನ್ನಿ ಸಾರ್. ಸಣ್ಣ ಹಲ್ಲಿನದ್ದು.

ವೈಡಿಎಂ4_ಅಭಿಮಾನಿ:
ಸಾರ್, ಅವತ್ತು ಜೋರಾಗಿ ನಕ್ಕಿದ್ದು ನಾನೇ. ಸ್ಟೇಷನ್ ಹತ್ತಿರ ಸಿಗ್ತೀನಿ, ಗಾಡಿ ಇದೆ, ಒಟ್ಟಿಗೆ ಹೋಗೋಣ.

ಎನ್_ಸ್ಕೇಲ್_ಪಕ್ಷ:
ಸರಿ. ಹತ್ತು ಗಂಟೆಗೆ.

ಮೂಡಿಗೆರೆ_ಮಳೆ:
ನಾನು ಬೆಸುಗೆ ಕಡ್ಡಿ, ಹಿತ್ತಾಳೆ ಸ್ಕ್ರೂ, ಕಾಫಿ ಪುಡಿ ಮೂರೂ ತರ್ತೀನಿ. ಒಂದು ವಿಷಯ, ಮೂರನೇ ಸುರಂಗದ ಹಿಂದೆ ಗಾಡಿ ಬಿದ್ದರೆ ಕೈ ಹಾಕೋಕೆ ಅಂತ ಒಂದು ಕಿಂಡಿ ಇದೆ. ಅವರ ಮನೆ ಬೆಕ್ಕು ಮಲಗೋದು ಅಲ್ಲೇ. ಕೊಯ್ಯೋ ಮುಂಚೆ ಬಗ್ಗಿ ನೋಡಿ.

ಬಿಎಂರೋಡ್_ಹುಡುಗ:
ಈಗ ನೋಡಿ ಬಂದೆ. ಇದೆ. ಮೂರು ಮರಿ ಹಾಕಿದೆ.